ರುಚಿ ನೋಡಿದ್ದು ಊಟವಲ್ಲ

ದಿನಕ್ಕೆ ಒಂದೇ ಊಟ ಮಾಡುತ್ತೇನೆ ಎಂದು ಡಾಕ್ಟರಿಗೆ ಹೇಳಿದಾಗ ನಾನು ಸುಳ್ಳು ಹೇಳಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಅವರೂ ನನ್ನ ಹೆಂಡತಿಯೂ ನನ್ನನ್ನು ನೋಡಿದ ರೀತಿ ಇನ್ನೂ ಚುಚ್ಚುತ್ತದೆ.

ನಾನು ಮದುವೆ, ಮುಂಜಿವೆಗಳಿಗೆ ಅಡುಗೆ ಮಾಡುವವನು, ಕರೆಯುವವರ ಬಾಯಲ್ಲಿ ಆಚಾರಿ. ಧಾರವಾಡದ ಕಡೆ ಆರನೆಯ ಇಯತ್ತೆಗೆ ಶಾಲೆ ಬಿಟ್ಟು ಪುಣೆಗೆ ಬಂದವನು, ಒಂದು ಮಂಗಲ ಕಾರ್ಯಾಲಯದ, ಅಂದರೆ ಮದುವೆಯ ಛತ್ರದ, ಹಿತ್ತಲಲ್ಲಿ ಕಡಾಯಿ ತಿಕ್ಕಲು ಕೂತೆ. ಇವತ್ತು ನನ್ನದೇ ಎಂಟು ಮಂದಿಯ ತಂಡ ಇದೆ. ಇಲ್ಲಿಯ ಕನ್ನಡದ ಮನೆಗಳವರು ಮುಹೂರ್ತ ಇಡಿಸುವ ಮೊದಲು ನನ್ನ ತಾರೀಖು ಸಿಗುತ್ತದೆಯೇ ಎಂದು ಕೇಳುತ್ತಾರೆ. ಹೋಳಿಗೆಯ ಜೊತೆ ಬಡಿಸುವ ಕಟ್ಟಿನ ಸಾರಿಗಂತೂ ನನ್ನ ಕೈಯೇ ಬೇಕು. ಜಂಬ ಎನ್ನುವುದಾದರೆ ಎನ್ನಿ. ಸುಟ್ಟುಕೊಂಡ ಕೈಯಿಂದ ಗಳಿಸಿದ್ದು ಅದು, ಯಾರೂ ದಾನ ಕೊಟ್ಟದ್ದಲ್ಲ.

ಕೆಲಸದ ಜಾಗದಲ್ಲಿ ಎಲೆಗೆ ಕೂರುವುದಿಲ್ಲ ಎಂಬುದು ಮೊದಲಿನಿಂದ ನನ್ನ ಹಟ. ಕರೆದವರ ಎಲೆಯಲ್ಲಿ ಉಂಡರೆ ಅವರೆದುರು ನಮ್ಮ ದನಿ ತಗ್ಗುತ್ತದೆ. ಪಂಗತಿಗಳೆಲ್ಲ ಎದ್ದ ಮೇಲೆ ಪಾತ್ರೆ ತೊಳೆಸಿ, ಮನೆಗೆ ಬಂದು, ನಾಲ್ಕರ ಸುಮಾರಿಗೆ ಚಕ್ಕಂಬಕ್ಕಳ ಹಾಕಿ ಕೂತು ಉಣ್ಣುತ್ತಿದ್ದೆ. ಗುಡ್ಡೆ ಅನ್ನ, ಸಾರು, ಮೊಸರು, ಮೇಲೊಂದು ನಿದ್ದೆ. ನಮ್ಮೂರಲ್ಲಿ ಊಟ ಎಂದರೆ ತಾಟಿನ ಮುಂದೆ ಕೂತು ಉಂಡದ್ದು. ನಿಂತು ಬಾಯಿಗೆ ಹಾಕಿಕೊಂಡದ್ದನ್ನು ಯಾರೂ ಊಟ ಎನ್ನುವುದಿಲ್ಲ.

ಹೋದ ವರ್ಷ ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದ ಗಾಯ ತಿಂಗಳಾದರೂ ಒಣಗಲಿಲ್ಲ. ಡಾಕ್ಟರ ಬಳಿ ಹೋದೆ. ಬೆಳಗಾವಿಯ ಮನೆತನದ ಹುಡುಗಿ, ಹುಟ್ಟಿ ಬೆಳೆದದ್ದು ಪುಣೆಯಲ್ಲೇ ಆದರೂ ಕನ್ನಡ ಬಿಟ್ಟಿಲ್ಲ. ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅಂಕಿ ನೋಡಿ, ತಲೆ ಎತ್ತದೆಯೇ ಹೇಳಿದರು.

“ಕಾಕಾ, ಕೈಯಾಗಿನ ಚೀಲಾ ಕೆಳಗ ಇಟ್ಟು ನಿಲ್ರಿ.”

“ಚೀಲಾ ತಂದೇ ಇಲ್ರಿ ಮೇಡಮ್.”

ಅವರು ನಕ್ಕರು. ನನಗೆ ನಗು ಬರಲಿಲ್ಲ. ದಿನಾ ನೀರಲ್ಲಿ ಕೈ ಹಾಕಿದರೆ ಗಾಯ ಒಣಗುವುದಿಲ್ಲ, ಆದರೂ ಒಮ್ಮೆ ಸಕ್ಕರೆ ನೋಡಿಬಿಡೋಣ ಎಂದು ರಕ್ತ ತೆಗೆಸಿದರು. ಮರುದಿನ ಕಾಗದ ಹಿಡಿದು ಕೂತಿದ್ದರು.

“ಸಕ್ಕರಿ ರೋಗ ಇನ್ನೂ ಮನಿಯೊಳಗ ಬಂದಿಲ್ಲ ಕಾಕಾ, ಹೊಸ್ತಿಲ ಮ್ಯಾಲೆ ನಿಂತದ. ತೂಕ ಇಳಿಸಿ, ತಿನ್ನೂ ರೀತಿ ಬದಲಿಸಿದ್ರ ಅಲ್ಲಿಂದನ ಹಿಂದ ಸರೀಬಹುದು. ಇಲ್ಲಾಂದ್ರ ಒಳಗ ಬಂದು ಕೂಡತದ. ದಿನಕ್ಕ ಎಷ್ಟು ಸಲ ತಿಂತೀರಿ?”

“ಒಂದ ಊಟಾರೀ.”

“ಒಂದ?”

“ಒಂದ.”

ಅವರು ನನ್ನ ಹೊಟ್ಟೆಯ ಕಡೆಗೊಮ್ಮೆ ನೋಡಿ, ಏನೋ ಬರೆದುಕೊಂಡರು. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ತೋರಿಸಲು ಹೇಳಿದರು.

ಆ ‘ಒಂದ?’ ನನ್ನ ಬೆನ್ನು ಹತ್ತಿತು. ಬಸ್ಸಿನಲ್ಲಿ ಜಾಗವಿದ್ದರೂ ನಿಂತೇ ಬಂದೆ. ನಮ್ಮ ಓಣಿಯ ಬಾಯಿಗೆ ಬಂದು, ಮನೆಗೆ ಹೋಗಲು ಮನಸ್ಸಾಗದೆ ಇನ್ನೊಂದು ಸುತ್ತು ಹೊಡೆದೆ. ನನಗೆ ಕೆಲಸ ಕಲಿಸಿದ ಹಿರಿಯರು ಇದೇ ರೋಗದಲ್ಲಿ ಒಂದು ಕಾಲು ಕಳೆದುಕೊಂಡು ಮನೆ ಹಿಡಿದರು. ಒಲೆಯ ಮುಂದೆ ನಿಲ್ಲಲಾಗದ ಅಡುಗೆಯವನನ್ನು ಯಾರು ಕರೆಯುತ್ತಾರೆ?

ಹೆಂಡತಿಗೆ ಎಲ್ಲ ಹೇಳಿದೆ. ಅವಳು ವಾದ ಮಾಡಲಿಲ್ಲ. ಮುಂದಿನ ಕೆಲಸಕ್ಕೆ ಒಂದು ಸ್ಟೀಲಿನ ಡಬರಿ ಹಿಡಿದು ನನ್ನ ಜೊತೆ ಬಂದಳು. ಬೆಳಗಿನಿಂದ ನನ್ನ ಹಿಂದೆಯೇ ನಿಂತು, ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಅಷ್ಟನ್ನೇ ಅದೇ ಪಾತ್ರೆಯಿಂದ ಡಬರಿಗೆ ಹಾಕುತ್ತಾ ಹೋದಳು. ಹೂರಣದ ಸಿಹಿ ನೋಡಿದೆ, ಮತ್ತೆ ಏಲಕ್ಕಿ ಹಾಕಿ ನೋಡಿದೆ. ಶಿರಾ ಎರಡು ಸಲ. ಭಜಿ ಗರಿಗರಿ ಆಗಿದೆಯೇ ಎಂದು ಒಂದು. ಎಣ್ಣೆ ಬದಲಿಸಿದ ಮೇಲೆ ಮತ್ತೊಂದು. ಮಸಾಲೆ ಅನ್ನ, ಕೋಸಂಬರಿ. ಮೊದಲ ಹೋಳಿಗೆ ಹರಿದಿತ್ತು, ಹರಿದದ್ದನ್ನು ಬಡಿಸಲಾಗುವುದಿಲ್ಲ. ಸಾರಂತೂ ಐದು ಸಲ. ನಡುನಡುವೆ ಕುಡಿದ ಸಕ್ಕರೆ ಚಹಾವನ್ನು ಅವಳು ಬೆರಳಲ್ಲಿ ಎಣಿಸಿದಳು.

ಮಧ್ಯಾಹ್ನ ಡಬರಿ ನನ್ನೆದುರು ತಂದಿಟ್ಟಳು. ಎಲ್ಲ ಕಲಸಿಕೊಂಡು ಮೇಲಿನವರೆಗೆ ಬಂದಿತ್ತು. ಇಬ್ಬರು ಕೂತು ಉಣ್ಣುವಷ್ಟು.

“ಈಗ ಮನಿಗೆ ಹೋಗಿ ಒಂದ ಊಟಾ ಮಾಡೋಣು ಬರ್ರಿ,” ಎಂದಳು.

“ರುಚಿ ನೋಡೂದು ನನ್ನ ಕೆಲಸ ಅದ. ಅದು ಊಟ ಅಲ್ಲ.”

“ನಿಮ್ಮ ಹೊಟ್ಟಿಗೆ ಗೊತ್ತಾಗಬೇಕಲ್ಲ, ಇದು ಕೆಲಸ, ಇದು ಊಟ ಅಂತ. ಬಾಯಾಗ ಹಾಕ್ಕೊಂಡು ಉಗುಳ್ರಿ ಹಂಗಾರ.”

“ಒಲಿ ಮುಂದ ನಿಂತು ಉಗುಳಲೇನು? ಬೀಗರು ನೋಡಿದ್ರ ಮುಗೀತು.”

“ನೈವೇದ್ಯದ ಅಡಿಗಿಗೆ ನಾಲಿಗಿ ಹಚ್ಚಂಗಿಲ್ಲ. ಅವತ್ತ ಬರೇ ವಾಸನಿ ಮ್ಯಾಲೆ ಮಾಡ್ತೀರಿ. ಮಂದಿ ಅಡಿಗಿಗೇನು ಧಾಡಿ?”

“ದೇವ್ರು ಎದ್ದು ಬಂದು ಉಪ್ಪು ಕಮ್ಮಿ ಅನ್ನೂದಿಲ್ಲ. ಬೀಗರು ಅಂತಾರ!”

ಅವಳು ಬಿದ್ದು ಬಿದ್ದು ನಕ್ಕಳು. ನಾನು ಡಬರಿಯನ್ನು ಕಣ್ಣೆದುರಿನಿಂದ ತೆಗೆಸಿದೆ.

ಆದರೂ ಆ ಮಾತು ತಲೆಯಲ್ಲಿ ಕೂತಿತು. ಮುಂದಿನ ವಾರದ ಮುಂಜಿವೆಯಲ್ಲಿ ಚಮಚ ಮುಟ್ಟದೆ, ವಾಸನೆ ಮತ್ತು ಕಣ್ಣಳತೆಯ ಮೇಲೆ ನಡೆಸಿ ನೋಡಿದೆ. ದೇವರ ಅಡುಗೆ ಒಂದು ಸಣ್ಣ ಪಾತ್ರೆ. ಇಲ್ಲಿ ಆರು ಒಲೆ, ನಾಲ್ಕು ಕಡೆಯಿಂದ ಕೂಗು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಇಷ್ಟು ವರ್ಷ ನನ್ನ ನಾಲಿಗೆಗೆ ನೆನಪಿರುತ್ತಿತ್ತು, ತಲೆಗೆ ಇರುತ್ತಿರಲಿಲ್ಲ. ಎರಡು ಸಲ ಹಾಕಿಬಿಟ್ಟೆ. ಯಜಮಾನರು ಕೈ ತೊಳೆಯುತ್ತಾ, “ಆಚಾರ್ರ, ಈ ಸಲ ಉಪ್ಪು ಭಾಳ ಪ್ರೀತಿಲೆ ಹಾಕೀರಿ,” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನದಿಂದ ಮತ್ತೆ ಚಮಚ ಹಿಡಿದೆ. ಒಂದು ವಾರ. ಪ್ರತಿ ಚಮಚಕ್ಕೂ ಹೊಸ್ತಿಲು ನೆನಪಾಗುತ್ತಿತ್ತು, ಚಮಚ ಕೆಳಗಿಟ್ಟರೆ ಯಜಮಾನರ ಮಾತು ನೆನಪಾಗುತ್ತಿತ್ತು. ಒಲೆಯಿಂದ ಒಲೆಗೆ ಸುಮ್ಮನೆ ಓಡಾಡಿದೆ. ಕೆಲಸದವರ ಮೇಲೆ ರೇಗಿದೆ.

ಕೊನೆಗೆ ಮೂರು ತಿಂಗಳು ಕಾಯಲಾಗದೆ ಮೊದಲೇ ಹೋಗಿ ಡಾಕ್ಟರಿಗೆ ಡಬರಿಯ ಕತೆ ಹೇಳಲೇಬೇಕಾಯಿತು. ಅವರು ನಗಲಿಲ್ಲ. “ಕಾಕಾ, ಐದು ಸಲ ನೋಡೂದು ರುಚಿ ಅಲ್ಲ, ಅದು ಹಸಿವಿ. ನಸುಕಿನಾಗ ಎದ್ದು ನಾಲ್ಕರ ತನಕ ಉಪವಾಸ ಇದ್ರ ಕೈ ತಾನ ಹೋಗತದ. ಒಂಬತ್ತಕ್ಕ ಕೂತು ತಿನ್ರಿ. ನಾಲ್ಕರದು ಅರ್ಧಾ ಮಾಡ್ರಿ, ಉಂಡ ಕೂಡಲೆ ಮಲಗಬ್ಯಾಡ್ರಿ.” ಕೆಲಸದ ಜಾಗದಲ್ಲಿ ಕೂರುವುದಿಲ್ಲ ಎಂಬ ನನ್ನ ಹಟಕ್ಕೆ ಹೆಂಡತಿ ದಾರಿ ತೆಗೆದಳು: ಮನೆಯದೇ ಡಬ್ಬಿ, ಎರಡು ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಹೆಸರುಕಾಳು. ಯಾರ ಎಲೆಯೂ ಅಲ್ಲ. ಒಂಬತ್ತಕ್ಕೆ ಗೋಣಿಚೀಲ ಹಾಸಿ ಕೂತು ತಿಂದೆ. ಚಹಾದ ಸಕ್ಕರೆ ಬಿಡಲು ಹದಿನೈದು ದಿನ ಹಿಡಿಯಿತು. ಭಜಿಯ ಕಡೆ ಕೈ ಹೋಗುವುದು ತಾನಾಗಿಯೇ ಕಡಿಮೆಯಾಯಿತು. ಅವರು ಹೇಳಿದ್ದು ನಿಜ ಎಂದು ಒಪ್ಪಿಕೊಳ್ಳಲು ಕಷ್ಟವಾಯಿತು, ಆದರೆ ನಿಜ.

ಉಳಿದದ್ದು ಉಪ್ಪು, ಸಿಹಿ ನೋಡುವ ಕೆಲಸ. ನಮ್ಮಲ್ಲಿ ಹೋಳಿಗೆ ಲಟ್ಟಿಸುವ ಮಾವಶಿ ಒಬ್ಬರಿದ್ದಾರೆ, ಪುಣೆ ಹತ್ತಿರದ ಶಿರೂರಿನ ಕಡೆಯ ಮರಾಠಿ ಹೆಂಗಸು, ನನಗಿಂತ ಹಿರಿಯರು, ಕಡ್ಡಿಯ ಹಾಗೆ ತೆಳ್ಳಗೆ. ಮುಚ್ಚುಮರೆ ಗೊತ್ತಿಲ್ಲ. ಮೂರು ತಿಂಗಳು ಮುಗಿಯಲು ಹದಿನೈದು ದಿನ ಇರುವಾಗ ಒಂದು ದೊಡ್ಡ ಮದುವೆ ಬಂತು. ಅವತ್ತು ಸಾರು ಕುದಿಯುವಾಗ ಅವರನ್ನು ಕರೆದೆ. ಅಂಗೈ ಮೇಲೆ ಒಂದು ಹನಿ ಹಾಕಿಸಿಕೊಂಡು ನೆಕ್ಕಿ, “ಮೀಠ ಕಮಿ ಆಹೆ,” ಎಂದರು. ಉಪ್ಪು ಕಡಿಮೆ.

“ಸರಿಯಾಗೇ ಹಾಕಿದ್ದೇನೆ,” ಎಂದೆ ಮರಾಠಿಯಲ್ಲಿ.

“ಹಾಗಾದರೆ ನನ್ನನ್ನು ಲಟ್ಟಣಿಗೆ ಬಿಡಿಸಿ ಕರೆದದ್ದು ಯಾಕೆ ಆಚಾರಿ?” ಎಂದು ತಿರುಗಿ ಹೊರಟೇಬಿಟ್ಟರು.

ಚಮಚ ಅಲ್ಲೇ ಇತ್ತು. ಒಂದು ಹನಿ ನೋಡಿದ್ದರೆ ಗೊತ್ತಾಗುತ್ತಿತ್ತು. ಒಂದು ಹನಿಯಿಂದ ಯಾವ ಸಕ್ಕರೆಯೂ ಏರುವುದಿಲ್ಲ. ಆದರೆ ನನ್ನ ಒಂದು ಹನಿ ಒಂದಕ್ಕೇ ನಿಂತ ದಿನವಿಲ್ಲ. ಅವರ ಮಾತಿನ ಮೇಲೆ ಒಂದು ಮುಷ್ಟಿ ಉಪ್ಪು ಹಾಕಿದೆ. ಬೇರೆಯವರ ನಾಲಿಗೆ ನಂಬಿ ನಾನು ಉಪ್ಪು ಹಾಕಿದ್ದು ಅದೇ ಮೊದಲು. ಮುಂದೆ ರಕ್ತದ ಕಾಗದದಲ್ಲಿ ಸಕ್ಕರೆ ಹಿಂದೆ ಸರಿದದ್ದು ಕಂಡಿತು. ಅವತ್ತು ಒಲೆಯ ಮುಂದೆ ಮಾತ್ರ ನನಗೆ ಬೇಕಾಗಿದ್ದ ಕಾಗದ ಬೇರೆ ಇತ್ತು: ಸಾರಿನ ಉಪ್ಪು ಸರಿಯಿದೆ ಎನ್ನುವುದು. ಅದನ್ನು ಯಾರೂ ಬರೆದುಕೊಡುವುದಿಲ್ಲ.

ಮೊದಲ ಪಂಗತಿ ಕೂತಿತು. ನಾನು ಬಾಗಿಲ ಹಿಂದೆ ನಿಂತೆ, ಒಳಗೆ ಹೋದೆ, ಮತ್ತೆ ಬಂದು ನಿಂತೆ. ಸಾರು ಬಡಿಸುವವನ ಮುಖ ನೋಡಿದೆ. ಎರಡನೆಯ ಸಲ ಕೇಳಿದವರೂ ಇದ್ದರು, ಕೈ ಅಡ್ಡ ಹಿಡಿದವರೂ ಇದ್ದರು. ಅದರಿಂದ ಏನೂ ತಿಳಿಯುವುದಿಲ್ಲ. ತಿಳಿಯುವುದು ಎಲೆಯಿಂದ. ಎಲೆಯ ಎಡತುದಿಗೆ ಎಲ್ಲಕ್ಕಿಂತ ಮೊದಲು ಒಂದು ಚಿಟಿಕೆ ಉಪ್ಪು ಬಡಿಸುತ್ತಾರೆ. ಅಡುಗೆಯಲ್ಲಿ ಉಪ್ಪು ಕಡಿಮೆಯಾದರೆ ಬೆರಳು ಅಲ್ಲಿಗೆ ಹೋಗುತ್ತದೆ, ಸರಿಯಿದ್ದರೆ ಅದು ಹಾಕಿದ ಹಾಗೇ ಉಳಿಯುತ್ತದೆ.

ಜನ ಕೈ ತೊಳೆಯಲು ಎದ್ದ ಕೂಡಲೆ ಎಲೆ ಮಡಚುವವರನ್ನು ತಡೆದು ಸಾಲು ಹಿಡಿದು ನಡೆದೆ. ಮೊದಲ ಸಾಲಿನಲ್ಲಿ ಉಪ್ಪು ಹಾಕಿದ ಹಾಗೇ ಇತ್ತು. ಎರಡನೆಯದರಲ್ಲೂ. ಉಪ್ಪು ಹೆಚ್ಚಾಯಿತೆಂದು ಸಾರು ಬಿಟ್ಟವರೂ ಇರಲಿಲ್ಲ, ಬಟ್ಟಲುಗಳು ಬರಿದು. ನೆಮ್ಮದಿಯಾಗಬೇಕಿತ್ತು. ನನ್ನ ನಾಲಿಗೆ ಇಲ್ಲದೆಯೂ ನನ್ನ ಸಾರು ಸರಿಯಾಗುತ್ತದೆ ಎಂದು ಎಲೆ ಎಲೆಯೂ ಹೇಳುತ್ತಿತ್ತು, ಅದನ್ನು ಕೇಳುತ್ತಾ ಹೋಗುವುದು ಕಷ್ಟ. ಮೂರನೆಯ ಸಾಲಿನಲ್ಲಿ ಒಂದು ಎಲೆಯ ಉಪ್ಪು ಪೂರಾ ಖಾಲಿ. ಮಾವಶಿಯ ತಪ್ಪು ಸಿಕ್ಕಿತು ಎಂದು ಒಂದು ಕ್ಷಣ ಖುಷಿಯಾದದ್ದು ನಿಜ, ಮುಚ್ಚಿಡುವುದಿಲ್ಲ. ಬಗ್ಗಿ ನೋಡಿದರೆ ಪಕ್ಕದಲ್ಲಿ ಹಸಿಮೆಣಸಿನಕಾಯಿಯ ನಾಲ್ಕು ತೊಟ್ಟು. ಯಾರೋ ಖಾರದವರು, ಉಪ್ಪು ಹಚ್ಚಿಕೊಂಡು ಕಡಿದಿದ್ದರು.

ಮಾವಶಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. “ಏನು ಕಳೆದುಕೊಂಡೆ ಆಚಾರಿ?”

“ಏನಿಲ್ಲ. ನಾಳೆಯಿಂದ ಲಟ್ಟಿಸಲು ಬೇರೆಯವರನ್ನು ಕೂರಿಸುತ್ತೇನೆ. ನೀವು ಒಲೆಯ ಹತ್ತಿರ ನನ್ನ ಪಕ್ಕ ನಿಲ್ಲಿ.”

“ಅಂದರೆ ನನಗೆ ಬಡ್ತಿ!”

“ಬಡ್ತಿಯೇ ಅನ್ನಿ,” ಎಂದೆ. ಅವರು ಒಳಗೆ ಹೋದರು. ಎಲೆ ಮಡಚುವವರು ಬುಟ್ಟಿ ಹಿಡಿದು ನನ್ನ ಮುಖ ನೋಡುತ್ತಿದ್ದರು. ಇನ್ನೊಂದು ಸಾಲು ಉಳಿದಿತ್ತು, ಅದನ್ನೂ ನೋಡಲು ಹೋದೆ.