ಮಜ್ಜಿಗಿ ಬಳ್ಳಿಯ ಮರೆವ್ವ

ಜಿಗಣಿಯ ಕಲ್ಲು ಕೊಯ್ಯುವ ಕಾರ್ಖಾನೆಗಳು ಇನ್ನೂ ಸದ್ದು ಶುರು ಮಾಡಿಲ್ಲ. ನರ್ಸರಿಯ ಹಸಿರು ನೆಟ್ಟಿನ ಚಪ್ಪರದೊಳಗೆ ಮರೆವ್ವ ಮಾತ್ರ ಆಗಲೇ ಕುಕ್ಕರಗಾಲಿನಲ್ಲಿ ಕೂತಾಗಿದೆ. ಎದುರಿಗೆ ಕುಂಡಗಳ ಸಾಲು. ಪ್ರತಿ ಕುಂಡದ ನಡುವೆ ತೆಂಗಿನ ನಾರು ಸುತ್ತಿದ ಕೋಲು, ಅದನ್ನು ತಬ್ಬಿಕೊಂಡು ಹತ್ತುತ್ತಿರುವ ಪುಟ್ಟೆಲೆಯ ಬಳ್ಳಿ. ಎಲೆಗಳ ಮೇಲೆಲ್ಲ ಬಿಳಿ ಮಚ್ಚೆ. ಮರೆವ್ವ ಒಂದೊಂದೇ ಬಳ್ಳಿಯನ್ನು ತಿರುಗಿಸಿ ನೋಡುತ್ತಾರೆ. ಬಿಳಿಯ ಸುಳಿವೇ ಇಲ್ಲದೆ ದಷ್ಟಪುಷ್ಟವಾಗಿ ಎದ್ದ ಹಸಿರು ಕುಡಿ ಸಿಕ್ಕರೆ ಬ್ಲೇಡಿನಿಂದ ಕೊಯ್ದು ಪಕ್ಕದ ಬುಟ್ಟಿಗೆ ಹಾಕುತ್ತಾರೆ. ಬಿಟ್ಟರೆ ಆ ಹಸಿರು ಕುಡಿಯೇ ಜೋರಾಗಿ ಬೆಳೆದು ಬಿಳಿ ಮಚ್ಚೆಯ ಬಳ್ಳಿಯನ್ನು ಅಡಗಿಸಿಬಿಡುತ್ತದೆ.

"ನಮ್ಮ ಹೊಲದಾಗ ಸೊರಗಿದ್ದು ಕಿತ್ತು ಜೋರಿದ್ದು ಉಳಸ್ತಿದ್ವಿ. ಇಲ್ಲಿ ಜೋರಿದ್ದನ್ನೇ ಕೊಯ್ಯಬೇಕ್ರಿ. ಮೊದಲ ಮೊದಲ ಕೈನೇ ಬರ್ತಿದ್ದಿಲ್ಲ" ಎನ್ನುತ್ತಾರೆ ಮರೆವ್ವ, ಕೈ ನಿಲ್ಲಿಸದೆ.

ಇದೂ ಮನಿ ಪ್ಲಾಂಟೇ, ಸಣ್ಣೆಲೆಯ ಜಾತಿ. ಅದರ ಇಂಗ್ಲಿಷ್ ಹೆಸರು ಮರೆವ್ವನ ನಾಲಿಗೆಗೆ ಹತ್ತಲಿಲ್ಲ. ಎಲೆಯ ಮೇಲೆ ಯಾರೋ ಮಜ್ಜಿಗೆ ಚೆಲ್ಲಿದ ಹಾಗಿದೆ ಎಂದು ಅವರು 'ಮಜ್ಜಿಗಿ ಬಳ್ಳಿ' ಎಂದು ಕರೆದರು. ಈಗ ನರ್ಸರಿಯಲ್ಲಿ ಎಲ್ಲರ ಬಾಯಲ್ಲೂ ಅದೇ. ಸಂಪಿಗೆ, ದಾಸವಾಳಗಳಂಥ ಗಟ್ಟಿ ಆಸಾಮಿ ಇದಲ್ಲ. ನೇರ ಬಿಸಿಲು ಬಿದ್ದರೆ ಬಿಳಿ ಭಾಗ ಸುಟ್ಟು ಕಂದಾಗುತ್ತದೆ. ಕತ್ತಲಲ್ಲಿಟ್ಟರೆ ಮುನಿಸಿಕೊಂಡು ಹಸಿರಾಗುತ್ತದೆ. ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ. ಮರೆವ್ವ ಕುಂಡದ ಮಣ್ಣಿಗೆ ಬೆರಳು ತೂರಿಸಿ, ಒಣಗಿದ್ದರೆ ಮಾತ್ರ ಚೊಂಬಿನಿಂದ ನೀರು ಹಾಕುತ್ತಾರೆ. ಉದ್ದವಾದ ತುದಿಯನ್ನು ಚಿವುಟುತ್ತಾರೆ, ಪಕ್ಕದಲ್ಲಿ ಕುಡಿಯೊಡೆದು ಬಳ್ಳಿ ಒತ್ತಾಗಲಿ ಎಂದು. ಹೀಗೆ ಮೈತುಂಬಿದ ಬಳ್ಳಿಗಳು ಟೆಂಪೋ ಹತ್ತಿ ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳಿಗೆ ಹೋಗುತ್ತವೆ. ಎ.ಸಿ.ಯಲ್ಲಿ ಸೊರಗಿದವು ವಾಪಸು ಬಂದು ಮರೆವ್ವನ ಮುಂದೆ ನಿಲ್ಲುತ್ತವೆ. "ತವರಿಗೆ ಬಾಣಂತನಕ್ಕ ಬಂದಂಗ ಬರ್ತಾವ್ರಿ" ಎಂದು ನಗುತ್ತಾರೆ.

ಇಷ್ಟು ಮುದ್ದು ಮಾಡುವ ಇದೇ ಕೈ ಒಂದು ಕಾಲಕ್ಕೆ ಇಡೀ ಸಾಲನ್ನು ಬೋಳಿಸಿ ನಿಲ್ಲಿಸಿತ್ತು ಎಂದರೆ ಯಾರೂ ನಂಬುವುದಿಲ್ಲ.

ಮರೆವ್ವ ಲಿಂಗಸುಗೂರು ಕಡೆಯವರು. ಗಂಡ ಮುದಕಪ್ಪ, ಮಗಳು ದಾನೇಶ್ವರಿ. ಬೆಂಗಳೂರಿಗೆ ಬಂದ ಮೇಲೆ ವರ್ಷಗಟ್ಟಲೆ ಅವರಿಗಿದ್ದದ್ದು ತಗಡಿನ ಶೆಡ್ಡು. ವೈಟ್‌ಫೀಲ್ಡ್ ಕಡೆ ಕಟ್ಟಡ ಏಳುವವರೆಗೆ ಅದರ ಬುಡದಲ್ಲಿ ಬದುಕು. ಕಟ್ಟಡ ಮುಗಿದರೆ ಶೆಡ್ಡು ಬಿಚ್ಚಿ ಇನ್ನೊಂದು ಕಡೆಗೆ. ದಾನೇಶ್ವರಿಯ ಹೆಸರು ಒಂದು ಶಾಲೆಗೆ ಹತ್ತುವಷ್ಟರಲ್ಲಿ ಅಲ್ಲಿಂದ ಗಂಟುಮೂಟೆ ಕಟ್ಟಬೇಕು. ಆಮೇಲೆ ಮುದಕಪ್ಪನಿಗೆ ಜಿಗಣಿಯ ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ ಸಿಕ್ಕಿತು, ಮರೆವ್ವನಿಗೆ ಈ ನರ್ಸರಿ. ಯಜಮಾನ ಶಿವಶಂಕರ್ ಕೆಲಸದ ಜೊತೆಗೆ, ತಾವೇ ಬಾಡಿಗೆ ಕಟ್ಟಿ, ಇರಲು ರೂಮನ್ನೂ ಕೊಟ್ಟರು. ನರ್ಸರಿ ಜಮೀನಿನ ಒಡತಿ ಭದ್ರಮ್ಮ ರಾಗಿ ಬೆಳೆಯುತ್ತಿದ್ದ ಹೊಲದ ಅಂಚಿನಲ್ಲಿ ಕಟ್ಟಿಸಿದ ವಠಾರದ ರೂಮು ಅದು. ಬಾಗಿಲಿಗೆ ಚಿಲಕ ಇತ್ತು, ಮಗಳಿಗೆ ನಡೆದು ಹೋಗುವ ದೂರದಲ್ಲಿ ಸರ್ಕಾರಿ ಶಾಲೆ ಇತ್ತು. ಕೆಲಸ ಹೋದರೆ ರೂಮೂ ಹೋಗುತ್ತದೆ ಎಂಬುದು ಮರೆವ್ವನಿಗೆ ಚೆನ್ನಾಗಿ ಗೊತ್ತಿತ್ತು.

ಕೆಲಸಕ್ಕೆ ಸೇರಿದ ಹೊಸತು. ಶಿವಶಂಕರ್ ಟೆಂಪೋ ಜೊತೆ ಹೊರಡುವಾಗ, "ರೋಗ ಬಂದಿರೋ ಎಲೆ ಎಲ್ಲ ತೆಗೆದು ಕ್ಲೀನ್ ಮಾಡಿಡಮ್ಮ" ಅಂದು ಹೋದರು. ಊರಿನಲ್ಲಿ ಬೆಂಡೆಗೆ ಹಳದಿ ರೋಗ ಬಿದ್ದದ್ದನ್ನು ಕಂಡ ಹೆಣ್ಣುಮಗಳು, ಎಲೆ ಬಿಳಿಚಿಕೊಂಡರೆ ಇನ್ನೇನು ಅಂದುಕೊಂಡಾಳು? ಊಟಕ್ಕೂ ಏಳದೆ ಬಿಳಿ ಮಚ್ಚೆ ಕಂಡ ಎಲೆಯನ್ನೆಲ್ಲ ನಿಯತ್ತಿನಿಂದ ಕಿತ್ತರು. ಸಂಜೆ ಶಿವಶಂಕರ್ ಬಂದಾಗ ಬಳ್ಳಿಗಳೆಲ್ಲ ಮುಡಿ ಕೊಟ್ಟು ಬಂದವರ ಹಾಗೆ ನಿಂತಿದ್ದವು. ಆ ವಾರ ಒಂದು ಹೊಸ ಆಫೀಸಿಗೆ ಹೋಗಬೇಕಿದ್ದ ಸಾಲು ಅದು.

"ಇಷ್ಟ್ ಎಲಿಗೆ ರೋಗ ಬಂದಿತ್ರಿ ಸಾರ್, ಒಂದೂ ಬಿಟ್ಟಿಲ್ಲ" ಎಂದು ಮರೆವ್ವ ಹೆಮ್ಮೆಯಿಂದ ಬುಟ್ಟಿ ತೋರಿಸಿದರಂತೆ.

ಶಿವಶಂಕರ್ ತಲೆ ಮೇಲೆ ಕೈ ಹೊತ್ತು ಕೂತರು. ಸಿಟ್ಟಿಳಿದ ಮೇಲೆ, "ನಾಳೆಯಿಂದ ಬರಬೇಡಮ್ಮ" ಅಂದರು. ಅತ್ತು ಕೈಮುಗಿಯುವ ಬದಲು ಮರೆವ್ವ ಬೋಳು ಬಳ್ಳಿಯ ಕಡೆ ಕೈ ಮಾಡಿದರು: "ಕಡ್ಡಿ ಜೀವ ಐತ್ರಿ ಸಾರ್. ಚಿಗುರಸ್ತೀನಿ. ಚಿಗುರಲಿಲ್ಲ ಅಂದ್ರ ನೀವು ಹೇಳೂದು ಬ್ಯಾಡ, ನಾನೇ ಹೋಗ್ತೀನಿ."

ಅದೇನು ಅನ್ನಿಸಿತೋ, ಶಿವಶಂಕರ್ ಮಾರನೆಯ ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಡ್ಡಿಯ ಗೆಣ್ಣು ತೋರಿಸಿದರು. ಗೆಣ್ಣಿನ ಬಳಿ ಬಿಳಿ ಗೀರಿದ್ದರೆ ಬಿಳಿ ಎಲೆ ಬರುವ ಆಸೆಯಿದೆ, ಪೂರ್ತಿ ಹಸಿರಾಗಿದ್ದರೆ ಆಸೆ ಬಿಡು. ಮರೆವ್ವ ಗೀರಿದ್ದ ಗೆಣ್ಣುಗಳನ್ನು ತುಂಡು ಮಾಡಿ ತೆಂಗಿನ ನಾರಿನ ಪುಡಿಯಲ್ಲಿ ಊರಿದರು. ವಾರಗಟ್ಟಲೆ ಏನೂ ಕಾಣಲಿಲ್ಲ. ದಾನೇಶ್ವರಿಗೆ ಸಮವಸ್ತ್ರ ಹೊಲಿಸುವುದನ್ನೂ ಮುಂದಕ್ಕೆ ಹಾಕಿದ್ದರು, ಇನ್ನೊಂದು ಊರಿನ ಶಾಲೆಗೆ ಬೇರೆ ಬಣ್ಣ ಬೇಕಾದೀತೆಂದು. ಕೊನೆಗೊಂದು ಬೆಳಿಗ್ಗೆ ಸುರುಳಿ ಬಿಚ್ಚಿದ ಎಲೆಯ ಅಂಚು ಬೆಳ್ಳಗಿತ್ತು. ಅವತ್ತು ಮರೆವ್ವ ಅತ್ತರು.

ಇವತ್ತು ಈ ಚಪ್ಪರದಲ್ಲಿರುವ ಮಜ್ಜಿಗಿ ಬಳ್ಳಿಗಳೆಲ್ಲ ಆ ತುಂಡುಗಳ ಸಂತಾನ. "ಆಯಮ್ಮ ಹಾಳು ಮಾಡಿದ್ದೇ ಒಳ್ಳೇದಾಯ್ತು ಬಿಡಿ. ಇಲ್ಲಾಂದ್ರೆ ನಾನು ಇಷ್ಟು ಗಿಡ ಮಾಡ್ತಾನೇ ಇರ್ಲಿಲ್ಲ" ಎಂದು ಶಿವಶಂಕರ್ ಈಗ ನಗುತ್ತಾರೆ. ಮರೆವ್ವನಿಗೆ ಮಾತ್ರ ಆ ದಿಗಿಲು ಪೂರಾ ಹೋಗಿಲ್ಲ. ಅಂದಿನಿಂದ ಇಂದಿನವರೆಗೆ ಜ್ವರ ಬಂದರೂ ಒಂದು ರಜೆ ಕೇಳಿದವರಲ್ಲ.

ದಿನಾ ಕೊಯ್ದ ಹಸಿರು ಕುಡಿಗಳನ್ನು ಗೊಬ್ಬರದ ಗುಂಡಿಗೆ ಒಗೆಯಬೇಕೆಂಬುದು ಶಿವಶಂಕರ್ ಆಜ್ಞೆ. ಮರೆವ್ವ ಅವರಿಗೆ ಹೇಳಿಯೇ ಅಷ್ಟಿಷ್ಟು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಒಡೆದ ಬಕೆಟ್ಟಿನಲ್ಲಿ ನೆಟ್ಟರು. ಅದು ಈಗ ವಠಾರದ ಮೆಟ್ಟಿಲ ಕಂಬಿಯನ್ನು ಮುಚ್ಚಿ, ಗೋಡೆ ಹತ್ತಿ, ಮಹಡಿಯ ಅಂಚು ಮುಟ್ಟಿದೆ. ಮನಿ ಪ್ಲಾಂಟನ್ನು ಕದ್ದು ನೆಟ್ಟರೇ ಹಬ್ಬುತ್ತದೆ ಎಂಬ ನಂಬಿಕೆಯಿಂದ ಅಕ್ಕಪಕ್ಕದವರು ಕೇಳದೆ ಮುರಿದೊಯ್ಯುತ್ತಾರೆ. ಮರೆವ್ವ ಕಂಡೂ ಕಾಣದ ಹಾಗೆ ಒಳಗೆ ಹೋಗಿಬಿಡುತ್ತಾರೆ.

ಈಗ ಭದ್ರಮ್ಮ ವಠಾರಕ್ಕೆ ಬಣ್ಣ ಹೊಡೆಸುತ್ತಿದ್ದಾರೆ. "ಆ ಬಳ್ಳಿ ಕಿತ್ತಾಕ್ಬುಡವ್ವ, ಗೋಡೆ ಎಲ್ಲ ಪಾಚಿ ಕಟ್ತದೆ" ಅಂದರು. ತಾನೇ ಬಿಡಿಸಿ ಕೆಳಗಿಳಿಸುತ್ತೇನೆ, ಬಣ್ಣ ಒಣಗಿದ ಮೇಲೆ ಕಂಬಿಗಷ್ಟೇ ಹತ್ತಿಸುತ್ತೇನೆ ಎಂದು ಮರೆವ್ವ ಅವರನ್ನು ಒಪ್ಪಿಸಿದರು. ಆದರೆ ಬಣ್ಣದವರು ಬರುವುದು ಸೋಮವಾರ, ಕೆಲಸದ ದಿನ. ತಾನಿಲ್ಲದಿದ್ದರೆ ಅವರು ಒಂದೇ ಏಟಿಗೆ ಎಳೆದು ಹಾಕುತ್ತಾರೆ.

ಇವತ್ತು ಬೆಳಗಿನ ನೀರು ಮುಗಿಸಿ, ಕೈ ಒರೆಸಿಕೊಂಡು, ಟೆಂಪೋ ಬಳಿ ನಿಂತ ಶಿವಶಂಕರ್ ಹತ್ತಿರ ಮರೆವ್ವ ಮೊದಲ ಸಲ ಬಾಯಿ ಬಿಡುತ್ತಾರೆ.

"ಸಾರ್, ನಂಗ ಸೋಮವಾರ ರಜಾ ಬೇಕಿತ್ರಿ."

ಶಿವಶಂಕರ್ ಗಾಬರಿಯಾಗುತ್ತಾರೆ. "ಯಾಕಮ್ಮ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲಾರೂ ಆರಾಮ ಅದಾರ್ರಿ" ಎನ್ನುತ್ತಾರೆ ಮರೆವ್ವ. "ನೀವು ಒಗಿ ಅಂದಿದ್ದು ಮಾಳಗಿ ಮಟ ಬೆಳದೈತ್ರಿ. ಅದನ್ನ ಕೈ ಹಿಡದು ಇಳಸ್ಬೇಕು."