ಬಿಸಿ ತಾಗದ ಕಾಲುಗಳು

ನಮ್ಮ ಯಜಮಾನರಿಗೆ ಗುಂಡು ಹೊಡೆದವರು ಅವರ ಸ್ವಂತ ಅಣ್ಣನೇ. ಬೇಕೂಂತಲ್ಲ. ಯುದ್ಧದ ಕಾಲ, ಬೈರಕೂರಿನ ಹತ್ತಿರ ನಮ್ಮ ಕಡಲೆಕಾಯಿ ಹೊಲಕ್ಕೆ ಹಂದಿ ಬಿದ್ದಿತ್ತು. ಇವರು ಪೊದೆಗೆ ನುಗ್ಗಿ ಹಂದಿ ಎಬ್ಬಿಸುತ್ತಿದ್ದರು. ಭಾವನವರು ಪೊದೆ ಅಲುಗಿದ ಕಡೆಗೆ ನಾಟಿ ಬಂದೂಕು ಹಾರಿಸಿಬಿಟ್ಟರು. ಗುಂಡು ನಡುಬೆನ್ನಿಗೆ ಹೊಕ್ಕಿತು. ನನಗೆ ಮದುವೆಯಾಗಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

ಮುಳಬಾಗಿಲಿನ ತನಕ ಗಾಡಿ, ಅಲ್ಲಿಂದ ಕೋಲಾರಕ್ಕೆ, ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು. ದಿಬ್ಬ ಬಂದಾಗಲೆಲ್ಲ ಅದು ನಿಂತು ಏದುಸಿರು ಬಿಡುತ್ತಿತ್ತು, ನನ್ನ ಪ್ರಾಣ ಹೋಗಿ ಬರುತ್ತಿತ್ತು. ಆಸ್ಪತ್ರೆಯಲ್ಲಿ ಗುಂಡು ತೆಗೆದರು. ಜೀವಕ್ಕೆ ಭಯವಿಲ್ಲ ಎಂದರು. ಆದರೆ ಕಾಲು ಎರಡೂ ಬಾಳೆದಿಂಡಿನ ಹಾಗೆ ಬಿದ್ದಿದ್ದವು. "ಬೆನ್ನೆಲುಬಿನೊಳಗಿನ ನರಕ್ಕೆ ಪೆಟ್ಟು. ಕಾಲಿಗೆ ಮುಟ್ಟಿದ್ದು ಗೊತ್ತಾದರೆ ಎದ್ದಾರು, ಇಲ್ಲದಿದ್ದರೆ ಇಷ್ಟೇ," ಎಂದರು ಡಾಕ್ಟರು.

ತಿಂಗಳಾದ ಮೇಲೆ ಮನೆಗೆ ಕರೆತಂದೆವು. ಬಾಣಂತಿಗೆ ಕೊಡುವ ಹಾಗೆ ಶಾಖ ಕೊಟ್ಟರೆ ನರ ಸಡಿಲವಾಗುತ್ತದೆ ಎಂದರು ಅತ್ತೆ. ಇಟ್ಟಿಗೆ ಕಾಯಿಸಿ, ಎಕ್ಕದೆಲೆ ಹಾಸಿ, ಹಳೇ ಸೀರೆಯಲ್ಲಿ ಸುತ್ತಿ ಅಂಗಾಲಿಗೆ ಒತ್ತಿದೆ.

"ಏನೇ, ಬಿಸಿನೇ ಇಲ್ವಲ್ಲೇ?" ಎಂದರು ಇವರು.

"ಇರಿ, ಇನ್ನೊಂಚೂರು ಕಾಯಿಸ್ತೀನಿ."

"ಕೈಯಾಗೆ ಬಲ ಇಲ್ವೇನೇ? ಒತ್ತೇ!"

ಒತ್ತಿದೆ. ಮಾರನೆಯ ದಿನ ನೋಡಿದರೆ ಎರಡು ಅಂಗಾಲಿನಲ್ಲೂ ನಿಂಬೆಹಣ್ಣಿನಷ್ಟು ಬೊಬ್ಬೆ. ಅವರಿಗೆ ಗೊತ್ತೇ ಆಗಿರಲಿಲ್ಲ! ಪಟ್ಟಿ ಕಟ್ಟಲು ಬಂದ ಕಾಂಪೌಂಡರು ಕೂಗಾಡಿದರು: "ಆಯಪ್ಪನ ಕಾಲಿಗೆ ತಿಳೀದು ಸರಿ, ನಿಮ್ಗೂ ತಿಳೀದಾ? ಮೊದ್ಲು ನಿಮ್ಮ ಕೆನ್ನೆಗೆ ಇಟ್ಕೊಂಡು ನೋಡ್ರಮ್ಮ!"

ಅಂದಿನಿಂದ ದಿಗಿಲು ನನ್ನನ್ನು ಬಿಡಲಿಲ್ಲ. ಮೈ ಒರೆಸುವ ನೀರಿಗೆ ಮೊದಲು ಮೊಣಕೈ ಅದ್ದಿ ನೋಡುತ್ತಿದ್ದೆ. ಬೆನ್ನು ಹುಣ್ಣಾಗದಿರಲಿ ಎಂದು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತಿದ್ದೆ. ಹಾಸಿಗೆಯಲ್ಲಿ ಒಂದು ಕಡಲೆಕಾಯಿ ಸಿಪ್ಪೆ ಕಂಡರೂ ಹಾಸಿಗೆಯನ್ನೆಲ್ಲ ತಡವಿ ನೋಡುತ್ತಿದ್ದೆ: ಇದು ಚುಚ್ಚಿ ರಕ್ತ ಬಂದರೂ ಇವರು ಹೇಳಲಾರರಲ್ಲ! ದಿನಕ್ಕೆ ಹತ್ತು ಸಲ ಕಾಲು ಚಿವುಟಿ ಮುಖ ನೋಡುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು, ಇಲ್ಲ.

ಅವರೆಕಾಯಿ ಕಾಲ ಬಂತು. ಒಂದು ಬೆಳಿಗ್ಗೆ ಕಾಯಿ ಸುಲಿಯುತ್ತಾ ಕೂತಿದ್ದೆ, ಒಳಗಿನಿಂದ ಕೂಗು.

"ಲೇ, ಎಡಗಾಲಾಗೆ ಏನೋ ಕಚ್ತಾ ಐತೆ ಕಣೇ!"

ಓಡಿಹೋಗಿ ಹೊದಿಕೆ ಎತ್ತಿದೆ. ಹೆಬ್ಬೆರಳಿಗೆ ಒಂದು ಗೊದ್ದ, ದೊಡ್ಡ ಕಪ್ಪಿರುವೆ, ಬಾಯಿ ಹಾಕಿ ಕೂತಿತ್ತು. ಕಿತ್ತೆಸೆಯಲು ಕೈ ಚಾಚಿದೆ. ಅತ್ತೆ ನನ್ನ ಕೈ ಹಿಡಿದುಬಿಟ್ಟರು.

"ಉಂಡನೀವೇ, ತೀಯಕು!" ಇರಲಿ ಬಿಡೇ, ತೆಗೀಬೇಡ ಅಂತ ತೆಲುಗಿನಲ್ಲಿ.

"ಇಬ್ರೂ ನಿಂತ್ಕೊಂಡು ತಮಾಷೆ ನೋಡ್ತೀರಾ? ನೋಯ್ತದೆ!"

"ನೋಯ್ತದಾ? ನಿಜವಾಗ್ಲೂ ನೋಯ್ತದಾ?" ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯದು.

ಪೂರ್ತಿ ವಾಸಿಯಾಗಲಿಲ್ಲ. ಬಲಗಾಲು ಕಡೇ ತನಕ ಎಳೆಯುತ್ತಿತ್ತು. ಆದರೂ ಕೋಲೂರಿ ಓಡಾಡಿದರು, ನಾಲ್ಕು ಮಕ್ಕಳಾದವು, ಈಗ ಮೊಮ್ಮಕ್ಕಳು ಹನ್ನೊಂದು! ಯಾವುದಾದರೂ ಮಗು "ಅಜ್ಜೀ, ಇರುವೆ ಕಚ್ತು!" ಎಂದು ಕಿರುಚಿದರೆ ಎಲ್ಲರೂ ಗಾಬರಿಯಾಗಿ ಓಡುತ್ತಾರೆ. ನನಗೆ ಮಾತ್ರ ಮೊದಲು ನಗು ಬರುತ್ತದೆ. ಮಗುವಿಗೆ ನನ್ನ ಮೇಲೆ ಕೋಪ.