ಇನ್ನೂರ ಹನ್ನೊಂದು ದಿನ

ಕುಣಿಗಲ್‌ನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಇಂಟರ್‌ನೆಟ್ ಹಂಚುತ್ತಿದ್ದುದು ನಾನು ಕೂರಿಸಿದ್ದ ಲಿನಕ್ಸ್ ಸರ್ವರ್. ಅದು ಇನ್ನೂರ ಹನ್ನೊಂದು ದಿನಗಳಿಂದ ಒಮ್ಮೆಯೂ ಆಫ್ ಆಗಿರಲಿಲ್ಲ. ನಮ್ಮ ಕಸುಬಿನವರಿಗೆ ಆ ಲೆಕ್ಕವೇ ಒಂದು ಬಿರುದು. ಸ್ವಿಚ್ಚಿನ ಮೇಲೆ ‘ಯಾರೂ ಮುಟ್ಟಕೂಡದು’ ಎಂದು ಚೀಟಿ ಅಂಟಿಸಿದ್ದೆ.

ಆವತ್ತು ತುಮಕೂರಿನಲ್ಲೇ ಕೂತು, ನೆಟ್ ಮೂಲಕ ಅದರ ಫೈರ್‌ವಾಲ್, ಅಂದರೆ ಯಾರನ್ನು ಬಿಡಬೇಕು ಯಾರನ್ನು ತಡೆಯಬೇಕು ಎಂಬ ಕಾವಲು ತಿದ್ದುತ್ತಿದ್ದೆ. ಎಲ್ಲರನ್ನೂ ತಡೆ ಎಂಬ ಕಮಾಂಡನ್ನು ಮೊದಲೇ ಕೊಟ್ಟುಬಿಟ್ಟೆ. ನಮ್ಮವರಿಗೆ ದಾರಿ ಬಿಡು ಎಂದು ಟೈಪ್ ಮಾಡುವಷ್ಟರಲ್ಲಿ ಪರದೆ ಅಲ್ಲಾಡದೆ ನಿಂತುಬಿಟ್ಟಿತು. ಸರ್ವರ್ ನನ್ನನ್ನೇ ಹೊರಗಟ್ಟಿತ್ತು.

ಕೇಂದ್ರ ನಡೆಸುತ್ತಿದ್ದ ಮೇಡಂ ಫೋನ್ ಮಾಡಿದರು. “ಸಾರ್, ನೆಟ್ ಹೋಯ್ತು. ಅರ್ಜಿ ಹಾಕಕ್ಕೆ ಇವತ್ತೇ ಕೊನೆ ದಿನ, ಸ್ಟೂಡೆಂಟ್ಸ್ ಕಾಯ್ತಾವ್ರೆ. ಆಫ್ ಮಾಡಿ ಆನ್ ಮಾಡ್ಲಾ?”

ಮಾಡಿದ್ದರೆ ಸರಿಹೋಗುತ್ತಿತ್ತು. ಹೊಸ ಕಮಾಂಡನ್ನು ನಾನಿನ್ನೂ ಸೇವ್ ಮಾಡಿರಲಿಲ್ಲ. ಮತ್ತೆ ಆನ್ ಆದ ಸರ್ವರಿಗೆ ಅದರ ನೆನಪೇ ಇರುತ್ತಿರಲಿಲ್ಲ. ಅದು ಗೊತ್ತಿದ್ದೂ “ಮುಟ್ಬೇಡಿ ಅಂದ್ನಲ್ಲ, ನಾನೇ ಬರ್ತೀನಿ” ಎಂದು ರೇಗಿ ಬಸ್ಸು ಹತ್ತಿದೆ. ದಾರಿಯಲ್ಲಿ ಹೆಬ್ಬೂರಿನಲ್ಲಿ ಬಸ್ಸು ಜನ ತುಂಬುವವರೆಗೂ ಕದಲಲಿಲ್ಲ. ಗಡಿಯಾರ ನೋಡಿ ನೋಡಿ ಕಂಡಕ್ಟರ್ ಮೇಲೂ ಹರಿಹಾಯ್ದೆ.

ಏದುಸಿರು ಬಿಡುತ್ತ ಕೇಂದ್ರದೊಳಗೆ ನುಗ್ಗಿದರೆ ವಿದ್ಯಾರ್ಥಿಗಳು ಯಾರೂ ಇಲ್ಲ. ಅರ್ಜಿ ಹಾಕಿ ಹೊರಟುಹೋಗಿದ್ದರು. ನನ್ನ ಚೀಟಿ ಮೇಜಿನ ಮೇಲೆ ಬಿದ್ದಿತ್ತು. ಕೀಬೋರ್ಡ್ ಎಳೆದುಕೊಂಡು, ಎಷ್ಟು ಹೊತ್ತಿನಿಂದ ಓಡುತ್ತಿದ್ದೀಯ ಎಂದು ಸರ್ವರನ್ನು ಕೇಳುವ ಕಮಾಂಡ್ ಒತ್ತಿದೆ. ಐವತ್ತು ನಿಮಿಷ ಎಂದಿತು.

“ಎಲ್ಲಾ ಹಾಳ್ಮಾಡಿದ್ರಲ್ಲ ಮೇಡಂ! ಇನ್ನೂರ ಹನ್ನೊಂದು ದಿನ!”

ಅವರು ಶಾಂತವಾಗಿಯೇ ಕೇಳಿದರು. “ಅಷ್ಟು ದಿನ ಇಟ್ಕೊಂಡು ಏನ್ ಮಾಡ್ತಿದ್ರಿ ಸಾರ್?”